ಹಾಸನದಲ್ಲಿ ಕೂತು ಒಂದು ದೆವ್ವದ ಕಾದಂಬರಿ ಅಚ್ಚು ಹಾಕಿಸಿದ ಕಥೆ

ಹೋದ ತಿಂಗಳು ನನ್ನ ಕಾದಂಬರಿ ಅಚ್ಚಾಗಿ ಬಂತು. ಹೆಸರು ‘ನೀರಿಳಿದ ಮೇಲೆ’. 176 ಪುಟ, ಬೆಲೆ 180 ರೂಪಾಯಿ. ಎಂಟರಿಂದ ಹತ್ತನೇ ಕ್ಲಾಸಿನವರು ಓದಲಿ ಅಂತ ಬರೆದ ಹೆದರಿಕೆಯ ಕಥೆ. ಬರೆದಿದ್ದು ನಾನೇ, ದುಡ್ಡು ಹಾಕಿದ್ದು ನಾನೇ, ಪ್ರಕಾಶಕಿ ಅಂತ ಹೆಸರು ಹಾಕಿಕೊಂಡಿದ್ದೂ ನಾನೇ. ಈ ಕೆಲಸಕ್ಕೆ ಇಳಿದಾಗ ಹಾಸನದಲ್ಲಿ ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಿರಲಿಲ್ಲ. ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದರು. ಅರ್ಧ ಸರಿ, ಅರ್ಧ ಬರೀ ಗಾಳಿಸುದ್ದಿ. ನಿಮ್ಮಲ್ಲೂ ಯಾರಾದರೂ ಇಂಥ ಆಸೆ ಇಟ್ಟುಕೊಂಡಿದ್ದರೆ ಉಪಯೋಗವಾಗಲಿ ಅಂತ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ನಾನು ಸಾಲಗಾಮೆ ರಸ್ತೆಯ ಹತ್ತಿರ ಮನೆಯಲ್ಲೇ ಟ್ಯೂಷನ್ ಮಾಡುತ್ತೇನೆ. ಹೈಸ್ಕೂಲ್ ಮಕ್ಕಳು. ಇವರಿಗೆ ಓದುವುದೆಂದರೆ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಆದರೆ ಸಂಜೆ ಕರೆಂಟ್ ಹೋದರೆ ಸಾಕು, ಗಣಿತದ ಪುಸ್ತಕ ಮಡಚಿ ಶುರು ಹಚ್ಚಿಕೊಳ್ಳುತ್ತಾರೆ. ಶಿರಾಡಿ ಘಾಟಿಯಲ್ಲಿ ರಾತ್ರಿ ಲಿಫ್ಟ್ ಕೇಳುವ ಹೆಂಗಸು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರೈಲು ದಾರಿಯಲ್ಲಿ 57 ಸುರಂಗ ಇವೆಯಲ್ಲ, ಅದರಲ್ಲಿ ಯಾವುದೋ ಒಂದರಲ್ಲಿ ರೈಲೇ ಇಲ್ಲದೆ ಕೇಳುವ ಸೀಟಿ. ಅಜ್ಜಿ ಗದ್ದೆ ಬಯಲಲ್ಲಿ ಕಣ್ಣಾರೆ ಕಂಡ ಕೊಳ್ಳಿದೆವ್ವ. ಕರೆಂಟ್ ಬಂದರೂ ‘ಮಿಸ್, ಲೈಟ್ ಆಫ್ ಮಾಡಿ’ ಅನ್ನುತ್ತಾರೆ.

ಇಂಥ ಕಥೆಗಳನ್ನು ಕನ್ನಡದಲ್ಲಿ ಇವರ ವಯಸ್ಸಿಗೆ ಬರೆದವರು ಎಷ್ಟು ಜನ ಅಂತ ಹುಡುಕಿದೆ. ಪುಟ್ಟ ಮಕ್ಕಳ ಪುಸ್ತಕ ಬೇಕಾದಷ್ಟಿವೆ. ದೊಡ್ಡವರ ಕಾದಂಬರಿಗಳಿಗೆ ಬರವಿಲ್ಲ. ನಡುವೆ, 13ರಿಂದ 16ರವರಿಗೆ, ಕಪಾಟು ಹೆಚ್ಚುಕಮ್ಮಿ ಖಾಲಿ. ಇಂಗ್ಲಿಷ್ ಪುಸ್ತಕದ ಅಂಗಡಿಯಲ್ಲಿ ಹದಿಹರೆಯದವರಿಗೆ ಬೇರೆ ಸಾಲೇ ಇರುತ್ತದೆ. ನಮ್ಮಲ್ಲಿ ಕೇಳಿದರೆ ‘ಮಕ್ಕಳ ವಿಭಾಗ ಆ ಕಡೆ’ ಅಂತ ಕೈ ತೋರಿಸಿ ಸುಮ್ಮನಾಗುತ್ತಾರೆ.

ಕಥೆಗೆ ಜಾಗ ಹುಡುಕಬೇಕಾಗಲಿಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿಗೆ ಊರುಗಳು ಹೋದವು. ಶೆಟ್ಟಿಹಳ್ಳಿಯ ಹಳೇ ಚರ್ಚನ್ನು ನೀವು ನೋಡಿಯೇ ಇರುತ್ತೀರಿ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರು ಅಂತ ಸುತ್ತಲಿನವರು ಹೇಳುತ್ತಾರೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ನಿಲ್ಲುತ್ತದೆ. ಸುಮ್ನೆ ನಿಂತು ನೋಡಿದರೇ ಮೈ ಜುಮ್ಮೆನ್ನುತ್ತದೆ. ನನ್ನ ಕಥೆಯಲ್ಲಿ ಚರ್ಚ್ ಇಲ್ಲ, ಮುಳುಗಿದ ಒಂದು ಶಾಲೆ ಇದೆ. ಒಂಬತ್ತನೇ ಕ್ಲಾಸಿನ ಪೂರ್ವಿ ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬರುತ್ತಾಳೆ. ಆ ವರ್ಷ ನೀರು ಯಾವತ್ತೂ ಇಳಿಯದಷ್ಟು ಇಳಿಯುತ್ತದೆ. ಶಾಲೆಯ ಗೋಡೆ ಕಾಣಿಸುತ್ತದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ತಾರೀಖು, ಕೆಳಗೆ ಹಾಜರಿ ಪಟ್ಟಿ. ದಿನಕ್ಕೊಂದು ಹೆಸರು ಸೇರುತ್ತಾ ಹೋಗುತ್ತದೆ.

ಬರೆಯುವ ಮೊದಲು ಹಿನ್ನೀರಿನ ಆಸುಪಾಸಿನ ಹಿರಿಯರ ಹತ್ತಿರ ಹೋಗಿ ಮಾತಾಡಿದೆ. ಇದು ನಾನು ಎಣಿಸಿದ್ದಕ್ಕಿಂತ ಭಾರವಾಯಿತು. ನಾನು ಹೋಗಿದ್ದು ಹೆದರಿಕೆಯ ಕಥೆ ಕೇಳಲಿಕ್ಕೆ. ಅವರು ಹೇಳಿದ್ದು ಹಲಸಿನ ಮರ ಯಾವ ಮೂಲೆಯಲ್ಲಿತ್ತು, ಬಾವಿ ಎಷ್ಟು ಆಳ ಇತ್ತು, ದನಗಳು ಹೇಗೆ ಹಳೇ ಕೊಟ್ಟಿಗೆ ಕಡೆಗೇ ತಿರುಗಿ ಹೋಗುತ್ತಿದ್ದವು ಅನ್ನುವುದನ್ನು. ಒಬ್ಬರು ಅಜ್ಜ ನೇರವಾಗಿ ಕೇಳಿದರು: ‘ನಮ್ಮೂರನ್ನು ದೆವ್ವದೂರು ಮಾಡ್ತೀಯೇನಮ್ಮ?’ ಇನ್ನೊಬ್ಬರು, ‘ಚೌಡಿ ಹೆಸರು ತರಬೇಡ, ಅವಳು ನಮ್ಮನ್ನ ಕಾದವಳು’ ಅಂದರು. ಎರಡಕ್ಕೂ ಒಪ್ಪಿದೆ. ಕಾದಂಬರಿಯ ಊರಿಗೆ, ಅಣೆಕಟ್ಟಿಗೆ ಬೇರೆ ಹೆಸರಿಟ್ಟೆ. ಊರ ದೇವರು ಯಾರೂ ಕೇಡಿಗರಾಗಿ ಬರುವುದಿಲ್ಲ. ಇದರಿಂದ ಕಥೆ ಸಪ್ಪೆಯಾಗಲಿಲ್ಲ, ಮೊನಚಾಯಿತು. ಪಟ್ಟಿ ಬರೆಯುವುದು ಯಾರು ಅನ್ನುವ ಪ್ರಶ್ನೆಗೆ ‘ಚೌಡಿ’ ಅಂತ ಸುಲಭದ ಉತ್ತರ ಸಿಗದೇ ಹೋಯಿತಲ್ಲ. ಮಲೆನಾಡಿನಲ್ಲಿ ಕೂತು ಬರೆಯುವವರು ಇದನ್ನು ಮೊದಲೇ ಯೋಚಿಸಿಕೊಳ್ಳಿ. ನಿಮಗೆ ದೆವ್ವದ ಕಥೆ ಅನ್ನಿಸುವುದು ಪಕ್ಕದ ಮನೆಯವರಿಗೆ ನಡೆದುಕೊಳ್ಳುವ ದೈವ ಆಗಿರಬಹುದು.

ಮೊದಲ ಕರಡನ್ನು ಟ್ಯೂಷನ್ ಮಕ್ಕಳಿಗೇ ಓದಿ ಹೇಳಿದೆ. ಬರೆದವರ ಹೆಸರು ಹೇಳಲಿಲ್ಲ. ಹೇಳಿದ್ದರೆ ಮರ್ಯಾದೆಗೆ ಚೆನ್ನಾಗಿದೆ ಅನ್ನುತ್ತಿದ್ದರು. ಇಡೀ ಓಡಾಟದಲ್ಲಿ ನಾನು ಅತಿ ಜಾಸ್ತಿ ಕಲಿತದ್ದು ಈ ಸಂಜೆಗಳಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದೆವ್ವ ಕಾಣಿಸಿಕೊಂಡ ಜಾಗದಲ್ಲಿ ಯಾರೂ ಹೆದರಲಿಲ್ಲ. ಬಿಳಿ ಸೀರೆ, ಕೆದರಿದ ಕೂದಲು ಅಂದಾಗ ಹಿಂದಿನ ಸಾಲಿನಿಂದ ನಗು ಬಂತು. ಮೊಬೈಲಲ್ಲಿ ಇದಕ್ಕಿಂತ ಭಯಂಕರವಾದದ್ದನ್ನು ಅವರು ದಿನಾ ನೋಡುತ್ತಾರೆ. ಎಲ್ಲರೂ ಉಸಿರು ಬಿಗಿ ಹಿಡಿದಿದ್ದು ಬೇರೆ ಕಡೆ. ಪಟ್ಟಿಯಲ್ಲಿ ಗೆಳತಿಯ ಹೆಸರು ಬಂದಿರುವುದು ಪೂರ್ವಿಗೆ ಗೊತ್ತು, ನಮಗೆ ಗೊತ್ತು. ಗೆಳತಿಗೆ ಗೊತ್ತಿಲ್ಲ. ಅವಳು ಮಾವಿನಕಾಯಿ ತಿಂದು ಕೈ ತೊಳೆಯಲು ನೀರಿನ ಹತ್ತಿರ ಹೋಗುತ್ತಾಳೆ. ಅಲ್ಲಿ ಏನೂ ಆಗುವುದಿಲ್ಲ. ಆದರೂ ಆ ಎರಡು ಪುಟ ಓದುವಾಗ ಕೋಣೆಯಲ್ಲಿ ಫ್ಯಾನ್ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ದಿಢೀರ್ ಅಂತ ಬೆಚ್ಚಿಬೀಳಿಸಿದರೆ ಅದು ಒಂದು ಕ್ಷಣದ ಮಾತು. ಆಗುತ್ತದೆ ಅಂತ ಮೊದಲೇ ತಿಳಿಸಿ ಕಾಯಿಸಿದರೆ ಪುಟಗಟ್ಟಲೆ ನಡೆಯುತ್ತದೆ. ಅಂದಿನಿಂದ ಬಿಳಿ ಸೀರೆ ಪೂರ್ತಿ ತೆಗೆದೆ. ಈಗಿನ ಪುಸ್ತಕದಲ್ಲಿ ದೆವ್ವ ಒಂದು ಸಲವೂ ಕಣ್ಣಿಗೆ ಬೀಳುವುದಿಲ್ಲ. ಸೀಮೆಸುಣ್ಣದ ಪುಡಿ ಮಾತ್ರ.

ಒಬ್ಬ ಹುಡುಗನದು ಬೇರೆ ತಕರಾರು. ‘ದೆವ್ವಕ್ಕೂ ಒಂದು ರೂಲ್ ಇರಬೇಕು ಮಿಸ್. ಒಂದು ಸಲ ಗೋಡೆ ದಾಟಕ್ಕಾಗಲ್ಲ ಅಂತೀರ, ಇನ್ನೊಂದು ಸಲ ದಾಟತ್ತೆ. ಅದು ಮೋಸ.’ ನ್ಯಾಯವಾದ ಮಾತು. ದೆವ್ವ ಏನು ಮಾಡಬಲ್ಲದು, ಏನು ಮಾಡಲಾರದು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡೆ. ಕೊನೆಗೆ ‘ಇದೆಲ್ಲ ಕನಸು’ ಅಂತ ಮುಗಿಸಬಾರದು, ಮರಳು ಕಳ್ಳರು ಹೆದರಿಸಲು ಮಾಡಿದ ನಾಟಕ ಅಂತಲೂ ಮುಗಿಸಬಾರದು ಅಂತ ಎಲ್ಲರೂ ಸೇರಿ ತಾಕೀತು ಮಾಡಿದರು. ಅಂಥ ಮುಕ್ತಾಯ ಕಂಡರೆ ಇವರಿಗೆ ಸಿಟ್ಟು ಬರುತ್ತದೆ. ಇಷ್ಟು ಹೊತ್ತು ಹೆದರಿದ್ದಕ್ಕೆ ಬೆಲೆ ಬೇಡವಾ ಅಂತ.

ಆದರೆ ಮಕ್ಕಳನ್ನು ನಿಜಕ್ಕೂ ಕಟ್ಟಿಹಾಕಿದ್ದು ದೆವ್ವ ಅಲ್ಲ. ಪೂರ್ವಿಯನ್ನು ಯಾರೂ ನಂಬದೇ ಇರುವುದು. ಅವಳು ಅಮ್ಮನನ್ನು ಗೋಡೆಯ ಹತ್ತಿರ ಕರೆದುಕೊಂಡು ಬರುವಷ್ಟರಲ್ಲಿ ನೀರು ಏರಿ ಅಕ್ಷರ ಅಳಿಸಿರುತ್ತದೆ. ಅಮ್ಮ ಬೈಯುತ್ತಾಳೆ. ಇಲ್ಲಿ ನಿಲ್ಲಿಸಿ, ಅಮ್ಮ ಏನಂದಿರುತ್ತಾಳೆ ಹೇಳಿ ಅಂದೆ. ನಾಲ್ಕೈದು ಬಾಯಿ ಒಟ್ಟಿಗೇ ಅಂದವು: ‘ಮೊಬೈಲ್ ನೋಡಿ ನೋಡಿ ಹಿಂಗಾಗಿದೀಯ!’ ಆ ಮಾತನ್ನು ಹಾಗೇ ಪುಸ್ತಕಕ್ಕೆ ಹಾಕಿದ್ದೇನೆ. ಈ ವಯಸ್ಸಿನಲ್ಲಿ ಮನೆಯಲ್ಲಿ ಎಲ್ಲ ತೀರ್ಮಾನ ಬೇರೆಯವರದು. ಸೈನ್ಸೋ ಕಾಮರ್ಸೋ, ಹಾಸ್ಟೆಲ್ಲೋ ಮನೆಯೋ, ಯಾರ ಜೊತೆ ಮಾತಾಡಬೇಕು ಯಾರ ಜೊತೆ ಮಾತಾಡಬಾರದು. ಮೈಯಲ್ಲೂ ಕೇಳದೇ ಬದಲಾವಣೆ ಆಗುತ್ತಿರುತ್ತದೆ. ಹೆದರಿಕೆಯ ಕಥೆಯಲ್ಲಿ ಮಾತ್ರ ಹದಿನಾಲ್ಕರ ಹುಡುಗಿ ಹೇಳುವುದು ಸರಿ ಇರುತ್ತದೆ, ದೊಡ್ಡವರು ಹೇಳುವುದು ತಪ್ಪಾಗಿರುತ್ತದೆ. ಅದನ್ನು ಓದುವಾಗ ಇವರ ಮುಖ ನೋಡಬೇಕು ನೀವು.

ಇನ್ನೊಂದು ಗಮನಿಸಿದೆ. ವಿಡಿಯೋ ಇವರನ್ನು ಎಳೆದುಕೊಂಡು ಹೋಗುತ್ತದೆ. ಪುಸ್ತಕದಲ್ಲಿ ಬ್ರೇಕ್ ಇವರ ಕೈಯಲ್ಲೇ ಇರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಆದರೆ ಬೇಡ ಅನ್ನಿಸಿದ ಕೂಡಲೇ ಮುಚ್ಚಬಹುದು. ಒಬ್ಬಳು ಮುಂದಿನ ಸಾಲನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಂದೊಂದೇ ಸಾಲು ಬಿಡಿಸಿ ಓದುತ್ತಿದ್ದಳು. ಹೆದರಿಕೆಯನ್ನು ಅಳತೆ ಮಾಡಿ ಕುಡಿಯುವುದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಪ್ರಕಾಶಕರ ಹುಡುಕಾಟ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ನೆನೆಸಿಕೊಂಡರೆ ಈಗಲೂ ಬೇಜಾರು. ಹಸ್ತಪ್ರತಿ ಕಳಿಸಿದರೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಉತ್ತರ ಕೊಟ್ಟ ಒಬ್ಬರು ‘ಮಕ್ಕಳ ಪುಸ್ತಕ ಅಂದ್ಮೇಲೆ ನೀತಿ ಇರಬೇಕು’ ಅಂದರು. ಇನ್ನೊಬ್ಬರು ‘ದೊಡ್ಡವರಿಗೆ ಅಂತ ಬದಲಾಯಿಸಿ, ಮಾರುತ್ತೇವೆ’ ಅಂದರು. ಮತ್ತೊಬ್ಬರು ಫೋನಿನಲ್ಲಿ ತುಂಬ ಹೊಗಳಿ, ಆಮೇಲೆ ಒಂದು ‘ಪ್ಯಾಕೇಜ್’ ಕಳಿಸಿದರು. ಹಣ ನಾನು ಕೊಡಬೇಕು, ಹಕ್ಕು ಅವರಿಗೆ ಹೋಗಬೇಕು. ಹೊಗಳಿಕೆ ಕೇಳಿ ಸಹಿ ಹಾಕಬೇಡಿ. ಒಪ್ಪಂದದಲ್ಲಿ ಕೃತಿಸ್ವಾಮ್ಯ ಯಾರದ್ದು, ಎಷ್ಟು ವರ್ಷಕ್ಕೆ, ಆಡಿಯೋ ಮತ್ತು ಸಿನಿಮಾ ಹಕ್ಕು ಯಾರದ್ದು ಅನ್ನುವ ಸಾಲುಗಳನ್ನು ಮೊದಲು ಓದಿ. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರ ಹೊಸ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಆದರೆ ಅದಕ್ಕೆ ವಯಸ್ಸಿನ ಮಿತಿ ಇದೆ. ನನ್ನ ವಯಸ್ಸು ಆ ಗೆರೆ ದಾಟಿ ಎಷ್ಟೋ ಕಾಲವಾಗಿದೆ. ನೀವು ಚಿಕ್ಕವರಾಗಿದ್ದರೆ ಅರ್ಜಿ ಕರೆಯುವುದನ್ನು ಗಮನಿಸುತ್ತಿರಿ.

ಕೊನೆಗೆ ನಾನೇ ಹಾಕಿಸುವುದು ಅಂತ ಗಟ್ಟಿ ಮಾಡಿದೆ. ಮೊದಲ ಗಂಡಾಂತರ ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸದಲ್ಲಿ ಕಾದಿತ್ತು. ನಾನು ಬರೆದಿದ್ದು ಮೊಬೈಲ್ ಮತ್ತು ಲ್ಯಾಪ್‌ಟಾಪಿನಲ್ಲಿ, ಯೂನಿಕೋಡ್ ಅಕ್ಷರದಲ್ಲಿ. ಡಿಟಿಪಿಯವರು ಕೆಲಸ ಮಾಡುವುದು ಪೇಜ್‌ಮೇಕರ್ ಅನ್ನುವ ಹಳೇ ಸಾಫ್ಟ್‌ವೇರಿನಲ್ಲಿ, ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ. ಕನ್ವರ್ಟ್ ಮಾಡಿದ ತಕ್ಷಣ ಅರ್ಕಾವತ್ತುಗಳು ಚೆಲ್ಲಾಪಿಲ್ಲಿ. ನಾಯಕಿಯ ಹೆಸರೇ ಪೂರ್ವಿ! ಪುಟಪುಟದಲ್ಲೂ ಅವಳ ಹೆಸರು ಮುರಿದು ಬಿದ್ದಿತ್ತು. ಅದನ್ನು ಒಟ್ಟಿಗೆ ಹುಡುಕಿ ಬದಲಾಯಿಸಬಹುದು, ಆದರೆ ‘ಸೂರ್ಯ’, ‘ಮರ್ಮ’, ‘ಗರ್ಭಗುಡಿ’ ಎಲ್ಲ ಒಂದೊಂದು ಥರ ಕೆಟ್ಟಿದ್ದವು. ಎಲ್ಲವನ್ನೂ ಕಣ್ಣಲ್ಲೇ ಹೆಕ್ಕಬೇಕಾಯಿತು. ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು ಕರಡು ತಿದ್ದಿಕೊಟ್ಟರು. ದೆವ್ವದ ಕಥೆ ಅಂತ ಮೂಗು ಮುರಿದೇ ತೆಗೆದುಕೊಂಡವರು, ಅರ್ಧ ಆದ ಮೇಲೆ ‘ಉಳಿದದ್ದು ಬೇಗ ಕಳಿಸಿ’ ಅಂತ ಫೋನ್ ಮಾಡಿದರು. ನಿಮಗೆ ನನ್ನ ಸಲಹೆ: ಯೂನಿಕೋಡಿನಲ್ಲೇ ಪುಟ ಕಟ್ಟುವ, ಇನ್‌ಡಿಸೈನ್ ಅನ್ನುವ ಸಾಫ್ಟ್‌ವೇರ್ ಬಳಸುವ ಡಿಟಿಪಿಯವರು ಸಿಗುತ್ತಾರಾ ನೋಡಿ. ಪುಟಕ್ಕೆ ಐದು ರೂಪಾಯಿ ಜಾಸ್ತಿ ಕೇಳಿದರೂ ಕೊಡಿ. ನನಗೆ ಪುಟಕ್ಕೆ 25 ರೂಪಾಯಿ ಬಿತ್ತು.

ಮುಂದಿನದು ಐಎಸ್‌ಬಿಎನ್. ಪುಸ್ತಕದ ಹಿಂದೆ ಬಾರ್‌ಕೋಡಿನ ಜೊತೆ ಇರುವ 13 ಅಂಕಿಯ ಸಂಖ್ಯೆ ಅದು. ಇದಕ್ಕೆ ಇಷ್ಟು ಸಾವಿರ ಆಗುತ್ತದೆ, ನಮ್ಮ ಮೂಲಕ ಮಾಡಿಸಿ ಅಂತ ಹೇಳುವವರು ನಿಮಗೂ ಸಿಗುತ್ತಾರೆ. ಒಂದು ಪೈಸೆಯೂ ಇಲ್ಲ. ದೆಹಲಿಯಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಇದೆ, ಶಿಕ್ಷಣ ಸಚಿವಾಲಯದ ಕೆಳಗೆ ಬರುತ್ತದೆ. ಅವರ ಪೋರ್ಟಲ್‌ನಲ್ಲಿ ಲೇಖಕರಾಗಿಯೇ ನೋಂದಾಯಿಸಿಕೊಳ್ಳಬಹುದು. ಪ್ರಕಾಶನ ಸಂಸ್ಥೆ ಕಟ್ಟಲೇಬೇಕು ಅಂತಿಲ್ಲ. ಗುರುತಿನ ಚೀಟಿ, ವಿಳಾಸದ ದಾಖಲೆ, ಮುಖಪುಟ ಮತ್ತು ಶೀರ್ಷಿಕೆ ಪುಟ ಸಿದ್ಧ ಇಟ್ಟುಕೊಳ್ಳಿ. ಆಧಾರ್‌ನಲ್ಲಿ ಇರುವ ಹೆಸರು ಮತ್ತು ಪುಸ್ತಕದ ಮೇಲೆ ಬರುವ ಹೆಸರು ಇನಿಷಿಯಲ್ ಸಮೇತ ಒಂದೇ ಥರ ಇದ್ದರೆ ತಲೆನೋವು ಕಮ್ಮಿ. ಕಾವ್ಯನಾಮ ಇದ್ದರೆ ಎರಡೂ ಕಡೆ ಅದನ್ನು ಕಾಣಿಸಿ. ಭಾರತದ ಸಂಖ್ಯೆಗಳು 978-81 ಅಥವಾ 978-93 ಅಂತ ಶುರುವಾಗುತ್ತವೆ. ಇ-ಪುಸ್ತಕ ಮಾಡಿದರೆ ಅದಕ್ಕೆ ಬೇರೆ ಸಂಖ್ಯೆ ಬೇಕು. ಪ್ರೆಸ್‌ಗೆ ಕೊಡುವ ದಿನ ಅರ್ಜಿ ಹಾಕಬೇಡಿ, ಮುಖಪುಟ ಒಂದು ಹಂತಕ್ಕೆ ಬಂದ ಕೂಡಲೇ ಹಾಕಿ.

ಐಎಸ್‌ಬಿಎನ್ ಸಿಕ್ಕರೆ ಹಕ್ಕು ಸಿಕ್ಕಿತು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಬರೀ ಗುರುತಿನ ಸಂಖ್ಯೆ. ಹಕ್ಕಿನ ಕಥೆ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ಬರೆದ ಕ್ಷಣದಿಂದಲೇ ಅದು ನಿಮ್ಮದು, ನೀವಿರುವ ತನಕ ಮತ್ತು ಆಮೇಲೆ 60 ವರ್ಷ. ನೋಂದಣಿ ಕಡ್ಡಾಯ ಅಲ್ಲ. ನಾನು ಮಾಡಿಸಿದ್ದು ಯಾಕೆಂದರೆ ಕಥೆ ಆಗಲೇ ಮಕ್ಕಳ ಬಾಯಿಂದ ಬಾಯಿಗೆ ಹೋಗಿ, ಯಾರೋ ಅದರ ಒಂದು ತುಂಡನ್ನು ರೀಲ್ ಮಾಡಿಬಿಟ್ಟಿದ್ದರು. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಅರ್ಜಿ ಆನ್‌ಲೈನ್. ಡೈರಿ ನಂಬರ್, ಅಂದರೆ ಅರ್ಜಿ ದಾಖಲಾದ ಸಂಖ್ಯೆ, ಸಿಕ್ಕ ಮೇಲೆ ಯಾರಾದರೂ ಆಕ್ಷೇಪ ಎತ್ತಬಹುದು ಅಂತ 30 ದಿನ ಕಾಯಲೇಬೇಕು, ಅದು ನಿಯಮ. ಆಮೇಲೆ ಪರಿಶೀಲನೆಯ ಸರದಿ. ಲೇಖಕ ಒಬ್ಬರು, ಪ್ರಕಾಶಕ ಇನ್ನೊಬ್ಬರಾದರೆ ಒಪ್ಪಿಗೆ ಪತ್ರ ಬೇಕಾಗುತ್ತದೆ. ಮುಖಪುಟ ಬರೆದ ಕಲಾವಿದರಿಂದಲೂ ಒಂದು ಒಪ್ಪಿಗೆ ಪತ್ರ ಬರೆಸಿಟ್ಟುಕೊಳ್ಳಿ. ಸ್ನೇಹದಲ್ಲಿ ಮಾಡಿಕೊಟ್ಟಿದ್ದರೂ ಬರೆಸಿ.

ಮುಖಪುಟಕ್ಕೆ 6,000 ಕೊಟ್ಟೆ. ಕಲಾವಿದೆ ಮೊದಲು ರಕ್ತ, ತಲೆಬುರುಡೆ ಎಲ್ಲ ಹಾಕಿ ಕಳಿಸಿದ್ದರು. ಮಕ್ಕಳಿಗೆ ತೋರಿಸಿದೆ. ‘ಇದು ಅಮ್ಮ ತಗೊಳಕ್ಕೆ ಬಿಡಲ್ಲ’ ಅಂತ ಒಬ್ಬಳು ಅಂದಳು. ಅದು ಮುಖ್ಯ. ಈ ವಯಸ್ಸಿನವರ ಪುಸ್ತಕ ಓದುವುದು ಮಕ್ಕಳು, ದುಡ್ಡು ಕೊಡುವುದು ಅಪ್ಪ ಅಮ್ಮ. ಈಗಿನ ಮುಖಪುಟದಲ್ಲಿ ಇರುವುದು ಒಂದು ಒದ್ದೆ ಗೋಡೆ, ಅದರ ಮೇಲೆ ಅರ್ಧ ಅಳಿಸಿದ ಹೆಸರುಗಳು. ದೊಡ್ಡವರು ಶಾಲೆಯ ಕಥೆ ಅಂದುಕೊಳ್ಳುತ್ತಾರೆ. ಮಕ್ಕಳು ಹೆಸರುಗಳನ್ನು ಓದಲು ಕಣ್ಣು ಹತ್ತಿರ ತರುತ್ತಾರೆ. ಹಿಂದಿನ ಪುಟದಲ್ಲಿ ‘12 ವರ್ಷ ಮೇಲ್ಪಟ್ಟವರಿಗೆ’ ಅಂತ ಹಾಕಿಸಿದೆ. ಅದನ್ನು ಹಾಕಿದ ಮೇಲೆ ಆರನೇ ಕ್ಲಾಸಿನವರೂ ಕೇಳಲು ಶುರು ಮಾಡಿದರು.

ಪ್ರೆಸ್ ಹುಡುಕುವಾಗ ಹಾಸನ, ಮೈಸೂರು, ಬೆಂಗಳೂರು ಮೂರೂ ಕಡೆ ದರ ಕೇಳಿದೆ. ಡೆಮ್ಮಿ ಅಷ್ಟಕ ಅನ್ನುವ ಸಾಮಾನ್ಯ ಕಾದಂಬರಿಯ ಅಳತೆ, 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ಕಾಗದ, 300 ಜಿಎಸ್‌ಎಂ ಮುಖಪುಟ, ಮ್ಯಾಟ್ ಲ್ಯಾಮಿನೇಷನ್, 500 ಪ್ರತಿ. ಪ್ರತಿಗೆ 78 ರೂಪಾಯಿ ಕೊನೆಗೆ ಕುದುರಿತು. ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಂತಿಗೆ ಫಾರಂ ಅನ್ನುತ್ತಾರೆ, ಒಂದು ಫಾರಂ ಅಂದರೆ 16 ಪುಟ. ನಿಮ್ಮ ಪುಟಗಳು 16ರ ಲೆಕ್ಕಕ್ಕೆ ಕೂರುವ ಹಾಗೆ ನೋಡಿಕೊಳ್ಳಿ. ನನ್ನದು ಮೊದಲು 179 ಪುಟ ಆಗಿತ್ತು. ಮೂರು ಪುಟಕ್ಕೆ ಇನ್ನೊಂದು ಫಾರಂ ಯಾಕೆ ಅಂತ ಬಿಡಿಬಿಡಿ ಸಾಲುಗಳನ್ನು ಒತ್ತರಿಸಿ 176ಕ್ಕೆ, ಅಂದರೆ ಸರಿಯಾಗಿ 11 ಫಾರಂಗೆ ತಂದೆವು. ಇನ್ನೊಂದು, ಅಚ್ಚಾದ ಪುಸ್ತಕ ಮಾರಲು ಜಿಎಸ್‌ಟಿ ಇಲ್ಲ, ಆದರೆ ಅಚ್ಚು ಮಾಡಿಕೊಡುವ ಕೆಲಸಕ್ಕೆ ಇದೆ. ಹೇಳುವ ದರದಲ್ಲಿ ಅದು ಸೇರಿದೆಯಾ ಅಂತ ಮೊದಲೇ ಕೇಳಿ.

ಇಲ್ಲಿ ಎರಡು ಅಡ್ಡಿ ಬಂದವು. ಒಂದು, ಕಪ್ಪು ಪುಟ. ಕಥೆಯಲ್ಲಿ ಪೂರ್ವಿಯ ಟಾರ್ಚ್ ಆರಿಹೋಗುವ ಕಡೆ ಪುಟ ತಿರುಗಿಸಿದರೆ ಇಡೀ ಪುಟ ಕಪ್ಪಾಗಿರಬೇಕು ಅಂತ ಮಕ್ಕಳು ಹೇಳಿದ್ದರು. ಮೆಷಿನ್ ನಡೆಸುವವರು ಕೇಳಿ ತಲೆ ಅಲ್ಲಾಡಿಸಿದರು. ಅಷ್ಟು ಇಂಕು ಬೇಗ ಒಣಗುವುದಿಲ್ಲ, ಎದುರು ಪುಟಕ್ಕೆ ಮೆತ್ತಿಕೊಳ್ಳುತ್ತದೆ, ತೆಳು ಕಾಗದದಲ್ಲಿ ಹಿಂದಕ್ಕೂ ಕಾಣಿಸುತ್ತದೆ. ಕಾಗದವನ್ನು 70ರಿಂದ 80 ಜಿಎಸ್‌ಎಂಗೆ ಏರಿಸಿದ್ದು ಇದಕ್ಕೇ. ಕಪ್ಪು ಪುಟದ ಎದುರು ಮತ್ತು ಬೆನ್ನಿಗೆ ಏನೂ ಬರೆಯದೆ ಖಾಲಿ ಬಿಟ್ಟೆವು. ಆ ಫಾರಂ ಒಣಗಲು ಜಾಸ್ತಿ ಹೊತ್ತು ಕೊಟ್ಟರು. ಆದರೂ ಕೆಲವು ಪ್ರತಿಗಳಲ್ಲಿ ಎದುರು ಪುಟಕ್ಕೆ ಬೂದು ಕಲೆ ಹತ್ತಿದೆ. ಓದುಗರು ಅದನ್ನು ಬೇಕಂತಲೇ ಮಾಡಿದ್ದು ಅಂದುಕೊಂಡಿದ್ದಾರೆ, ನಾನೂ ಬಿಡಿಸಿ ಹೇಳಲು ಹೋಗಿಲ್ಲ.

ಇನ್ನೊಂದು ಅಡ್ಡಿ ಕಾನೂನಿನದು. ದರ ಕೇಳಲು ಹೋದ ಕಡೆ ಒಬ್ಬರು ‘ಮಾಟ ಮಂತ್ರ ನಿಷೇಧ ಆಗಿದೆಯಲ್ಲ, ಇದನ್ನು ಅಚ್ಚು ಹಾಕಿದರೆ ನಮಗೆ ತೊಂದರೆ’ ಅಂತ ಫೈಲ್ ವಾಪಸ್ ಕೊಟ್ಟರು. ಅವರು ಹೇಳಿದ್ದು ಅಮಾನವೀಯ ಪದ್ಧತಿ ಮತ್ತು ವಾಮಾಚಾರದ ವಿರುದ್ಧದ 2017ರ ಕರ್ನಾಟಕದ ಕಾಯ್ದೆ. ಪರಿಚಯದ ವಕೀಲರ ಹತ್ತಿರ ತೋರಿಸಿದೆ. ಅದು ಜನರಿಗೆ ಹಿಂಸೆ, ಮೋಸ ಮಾಡುವ ಪದ್ಧತಿಗಳ ಮೇಲಿನ ಕಾನೂನು, ಕಥೆ ಬರೆಯುವುದರ ಮೇಲಲ್ಲ ಅಂದರು. ನಿಮಗೂ ಈ ಪ್ರಶ್ನೆ ಎದುರಾಗುತ್ತದೆ, ಗಾಬರಿ ಬೇಡ. ಇದೇ ಮಾತು ಒಂದು ಶಾಲೆಯಲ್ಲೂ ಬಂತು. ಪುಸ್ತಕದ ಒಂದು ಅಧ್ಯಾಯ ಓದಿ ಹೇಳುತ್ತೇನೆ ಅಂದಾಗ, ಮೂಢನಂಬಿಕೆ ಬೆಳೆಯುತ್ತದೆ ಅಂತ ಬೇಡ ಅಂದರು. ಅದೇ ಶಾಲೆಯ ಹುಡುಗರು ಸಂಜೆ ಟ್ಯೂಷನ್ನಿಗೆ ಬಂದು ಪುಸ್ತಕ ಒಯ್ದರು. ಕಥೆಯನ್ನು ಕಥೆ ಅಂತ ತಿಳಿಯುವಷ್ಟು ಬುದ್ಧಿ ಇವರಿಗೆ ಇದೆ. ದೆವ್ವಕ್ಕೆ ರೂಲ್ ಕೇಳಿದವರು ಇವರೇ ಅಲ್ವಾ!

ಪುಸ್ತಕ ಬಂದ ಮೇಲೆ ಒಂದು ಕೆಲಸ ಇದೆ, ಅದನ್ನು ಯಾರೂ ಹೇಳುವುದಿಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಅಂತ ಒಂದಿದೆ. ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕಾನ್ನೆಮಾರಾ, ಮುಂಬೈನ ಕೇಂದ್ರ ಗ್ರಂಥಾಲಯ ಮತ್ತು ದೆಹಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ನಮ್ಮ ಖರ್ಚಿನಲ್ಲೇ ಕಳಿಸಬೇಕು. ಕಳಿಸದಿದ್ದರೆ 50 ರೂಪಾಯಿವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆ. ದಂಡ ಕೇಳಿದರೆ ನಗು ಬರುತ್ತದೆ. ಆದರೂ ಕಳಿಸಿ. ನಾವಿಲ್ಲದ ಮೇಲೂ ಪೂರ್ವಿ ಅಲ್ಲಿ ಇರುತ್ತಾಳೆ ಅನ್ನುವುದು ನನಗಂತೂ ಖುಷಿ ಕೊಟ್ಟಿತು.

ಕಳಿಸುವುದು ಹೇಗೆ? ಹಳಬರು ‘ರಿಜಿಸ್ಟರ್ಡ್ ಬುಕ್ ಪೋಸ್ಟ್ ಮಾಡಿ, ಅಗ್ಗ’ ಅನ್ನುತ್ತಾರೆ. ಅದನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿದ್ದಾರೆ. ಈಗ ಜ್ಞಾನ್ ಪೋಸ್ಟ್ ಅಂತ ಇದೆ, 2025ರ ಮೇ 1ರಿಂದ ಬಂದದ್ದು. 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ಎಲ್ಲಿಗೆ ಹೋಯಿತು ಅಂತ ನಂಬರ್ ಹಾಕಿ ನೋಡಬಹುದು. ನಿಧಾನ, ಆದರೆ ನಮಗೆ ಅವಸರ ಏನಿದೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು. ಕೌಂಟರಿನಲ್ಲಿ ಜ್ಞಾನ್ ಪೋಸ್ಟ್ ಅಂತ ಹೆಸರು ಹಿಡಿದೇ ಕೇಳಿ. ನನ್ನ ಪುಸ್ತಕ ಕವರ್ ಸಮೇತ 300 ಗ್ರಾಂ ಒಳಗೇ ಬರುತ್ತದೆ. 80 ಜಿಎಸ್‌ಎಂ ಕಾಗದ ಆಯ್ದುಕೊಳ್ಳುವಾಗ ಪ್ರೆಸ್‌ನವರಿಂದ ಒಂದು ಡಮ್ಮಿ, ಅಂದರೆ ಖಾಲಿ ಹಾಳೆಯ ಮಾದರಿ ಪುಸ್ತಕ, ಮಾಡಿಸಿ ತೂಗಿಸಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಸಾರ್ವಜನಿಕ ಗ್ರಂಥಾಲಯಗಳಿಗೆ ಕೊಳ್ಳಲಿ ಅಂತ ಗ್ರಂಥಾಲಯ ಇಲಾಖೆಗೂ ಅರ್ಜಿ ಹಾಕುವುದಿದೆ. ಆಯ್ಕೆ ಸಮಿತಿ ನೋಡಿ ತೀರ್ಮಾನಿಸುತ್ತದೆ. ಮನೆ ಕಂದಾಯದ ಜೊತೆ ಶೇ 6 ಗ್ರಂಥಾಲಯ ಕರ ಅಂತ ನಾವೆಲ್ಲ ಕಟ್ಟುತ್ತೇವಲ್ಲ, ಆ ದುಡ್ಡಿನ ಒಂದು ಚೂರು ಹೆದರಿಕೆಯ ಕಥೆಗೂ ಬರಲಿ ಅಂತ ನನ್ನ ಆಸೆ. ಈ ನಡುವೆ ಹತ್ತಿರದ ಹಳ್ಳಿಯೊಂದರ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಎರಡು ಪ್ರತಿ ಕೊಟ್ಟು ಬಂದೆ. ಎರಡೂ ಕಪಾಟಿನಲ್ಲಿ ಇಲ್ಲವಂತೆ, ಮಕ್ಕಳ ಕೈಯಲ್ಲೇ ಸುತ್ತುತ್ತಿವೆಯಂತೆ.

ಲೆಕ್ಕ ಹೇಳಿಬಿಡುತ್ತೇನೆ. ಅಚ್ಚಿಗೆ 39,000. ಡಿಟಿಪಿಗೆ 4,400. ಕರಡು ತಿದ್ದಿದ ಮೇಷ್ಟ್ರಿಗೆ ಒತ್ತಾಯ ಮಾಡಿ ಕೊಟ್ಟಿದ್ದು 3,000. ಮುಖಪುಟ 6,000. ಕೃತಿಸ್ವಾಮ್ಯ 500. ಐಎಸ್‌ಬಿಎನ್ ಸೊನ್ನೆ. ಅಂಚೆ, ಸಾಗಾಟ, ಓಡಾಟ ಸೇರಿ 2,100. ಒಟ್ಟು 55,000, ಅಂದರೆ ಪ್ರತಿಗೆ 110 ರೂಪಾಯಿ. ಅಂಗಡಿಯವರು 40 ಪರ್ಸೆಂಟ್ ಕಮಿಷನ್ ಕೇಳುತ್ತಾರೆ. 180ರ ಪುಸ್ತಕದಲ್ಲಿ ನನಗೆ 108 ಸಿಗುತ್ತದೆ. ಅಂಗಡಿಯಲ್ಲಿ ಒಂದೊಂದು ಪ್ರತಿ ಹೋದಾಗಲೂ ನನ್ನ ಕೈಯಿಂದ ಎರಡು ರೂಪಾಯಿ ಹೋಗುತ್ತದೆ. ನೇರವಾಗಿ ಮಾರಿದರೆ ಮಾತ್ರ ಉಳಿತಾಯ. ಹಾಗಾಗಿ ಅಂಗಡಿಗೆ ಕೊಟ್ಟಿದ್ದು ಸ್ವಲ್ಪವೇ. ಉಳಿದದ್ದು ಮನೆಯಿಂದ, ಜಾತ್ರೆಯಲ್ಲಿ, ಮಕ್ಕಳ ಮೂಲಕ ಹೋಗುತ್ತಿದೆ.

ಅರ್ಧಕ್ಕಿಂತ ಜಾಸ್ತಿ ಖಾಲಿಯಾಗಿದೆ. ಸಕಲೇಶಪುರದಿಂದ ಒಬ್ಬರು ತಾಯಿ ಫೋನ್ ಮಾಡಿ ಬೈದರು. ಮಗಳು ರಾತ್ರಿ ಬಚ್ಚಲಿಗೆ ಹೋಗಲು ಜೊತೆಗೆ ಕರೆಯುತ್ತಾಳಂತೆ. ಕ್ಷಮೆ ಕೇಳಿದೆ. ಆಮೇಲೆ ಅವರೇ, ‘ಅಷ್ಟಕ್ಕೂ ಆ ಪಟ್ಟಿ ಬರೆಯೋದು ಯಾರು? ನಾನಿನ್ನೂ ಅಲ್ಲಿಗೆ ಬಂದಿಲ್ಲ, ಹೇಳಬೇಡಿ’ ಅಂತ ಇಟ್ಟುಬಿಟ್ಟರು.

ಎರಡನೇ ಮುದ್ರಣಕ್ಕೆ 300 ಪ್ರತಿ ಹಾಕಿಸುವ ಯೋಚನೆ ಇದೆ. ಆಫ್‌ಸೆಟ್‌ನಲ್ಲಿ ಅಷ್ಟು ಕಮ್ಮಿ ಹಾಕಿಸಿದರೆ ಪ್ರತಿಗೆ ದರ ಏರುತ್ತದೆ, ಡಿಜಿಟಲ್‌ನಲ್ಲಿ ಕಪ್ಪು ಪುಟ ಹೇಗೆ ಬರುತ್ತದೋ ಒಂದು ಮಾದರಿ ತೆಗೆಸಿ ನೋಡಬೇಕು. ಮುಂದಿನ ವಾರ ಪ್ರೆಸ್‌ಗೆ ಹೋಗುತ್ತೇನೆ.